ತಿಥಿ ಪಿಚ್ಚರ್‌ಗೆ 10 ವರ್ಷ, ಹೆಂಗ್ ಆಚರಿಸೋಣ? (ಕಾರ್ಡ್ ಮಾಡ್ಸಿ ಮನೇಲಿ ಬೈಸ್ಕೊಂಡಾಯ್ತು)

ಕೆರೆಏರಿ_ಹೈದ:

ಎಲ್ರಿಗೂ ನಮಸ್ಕಾರ. ತಿಥಿ ಕರ್ನಾಟಕದಲ್ಲಿ ರಿಲೀಸ್ ಆಗಿದ್ದು 2016 ಮೇ 6, ಶುಕ್ರವಾರ. ಅಂದ್ರೆ ಈ ಮೇ 6ಕ್ಕೆ ಹತ್ತು ತುಂಬುತ್ತೆ. ಅವತ್ತು ಬುಧವಾರ ಬಿದ್ದಿರೋದ್ರಿಂದ ಯಾರಿಗೂ ರಜಾ ಇಲ್ಲ, ಹಂಗಾಗಿ 10ನೇ ತಾರೀಕು ಭಾನುವಾರ ಸಂಜೆ ಮೈಸೂರಲ್ಲಿ ನಮ್ ಫ್ರೆಂಡ್ ಮನೆ ತಾರಸಿ ಮೇಲೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಇಟ್ಟು ಎಲ್ಲಾ ಕೂತು ನೋಡೋದು ಅಂತ ಮಾತಾಡ್ಕೊಂಡಿದೀವಿ. ನಮ್ ಗ್ಯಾಂಗ್ ಈ ಪಿಚ್ಚರ್ನ ಎಷ್ಟು ಸಲ ನೋಡಿದೆ ಅಂತ ಕೇಳ್ಬೇಡಿ, ಯಾರಾದ್ರೂ ಲೇಟಾಗಿ ಬಂದ್ರೆ ಪಿಚ್ಚರಲ್ಲಿರೋ ಬೈಯೋ ಅಜ್ಜ ಸೆಂಚುರಿ ಗೌಡನ ಥರ ಬಾಗ್ಲಲ್ಲೇ ಕೂತು ಉಗಿಯೋದು ನಮ್ಮಲ್ಲಿ ಸಂಪ್ರದಾಯ ಆಗೋಗಿದೆ.

ಈಗ ಪ್ರಾಬ್ಲಂ ಏನಪ್ಪಾ ಅಂದ್ರೆ, ಸುಮ್ನೆ ವಾಟ್ಸಾಪ್ ಮೆಸೇಜ್ ಹಾಕೋ ಬದ್ಲು ನಾನು ಕಾರ್ಡ್ ಡಿಸೈನ್ ಮಾಡ್ದೆ. ಮಾಮೂಲಿ ತಿಥಿ ಕಾರ್ಡ್ ಥರಾನೇ, ಮೇಲೆ ಕೈಲಾಸ ಸಮಾರಾಧನೆ ಅಂತ, ಎರಡು ಮೂಲೇಲಿ ದೀಪ, ಮಧ್ಯ ಫೋಟೋ ಇರೋ ಜಾಗದಲ್ಲಿ ಒಂದು ಖಾಲಿ ಕುರ್ಚಿ, ಕೆಳಗಡೆ ದುಃಖತಪ್ತರು ಅಂತ ನಮ್ ಐದೂ ಜನದ ಹೆಸ್ರು. ಮೊಬೈಲಲ್ಲಿ ಇದ್ದಿದ್ದನ್ನ ನನ್ ತಂಗಿ ನೋಡ್ಬಿಟ್ಟು ಸೀದಾ ಅಮ್ಮಂಗೆ ತೋರ್ಸಿದ್ಲು. ಬದುಕಿರೋ ಮಕ್ಳ ಹೆಸ್ರನ್ನ ತಿಥಿ ಕಾರ್ಡಲ್ಲಿ ಹಾಕ್ತೀಯೇನೋ ಅಂತ ಅವತ್ತು ರಾತ್ರಿ ಊಟ ಬಡಿಸೋವರ್ಗೂ ಬೈಗುಳ ನಿಲ್ಲಲಿಲ್ಲ.

ಇನ್ನೊಂದು ನಿಜವಾದ ಮುಜುಗರಾನೂ ಇದೆ. ಪಿಚ್ಚರಲ್ಲಿ ಗಡ್ಡಪ್ಪ ಆಗಿದ್ದ ಚನ್ನೇಗೌಡ್ರು ಹೋದ ವರ್ಷ ತೀರ್ಕೊಂಡ್ರಲ್ಲ, ಈ ಟೈಮಲ್ಲಿ ಗಡ್ಡ ಅಂಟಿಸ್ಕೊಂಡು ಕುಣಿಯೋದು ಸರೀನಾ ಅಂತ ನಮ್ಮಲ್ಲೇ ಒಬ್ಬ ಕೇಳ್ದ. ಜೊತೆಗೆ ಈ ಸಲ ಪಿಚ್ಚರ್ ನೋಡೇ ಇಲ್ದಿರೋ ಏಳೆಂಟು ಜನ ಬರ್ತಿದಾರೆ, ಅವ್ರಿಗೆ ಇದು ಕಾಮಿಡಿ ಅಂತ ಹೇಳಿ ಕರ್ಕೊಂಡ್ ಬರ್ಲಾ ಬೇಡ್ವಾ? ಪೋಸ್ಟರ್ ನೋಡಿ ಅವಾರ್ಡ್ ಪಿಚ್ಚರ್ ಅಂದ್ಕೊಂಡು ಓಡೋಗೋರೇ ಜಾಸ್ತಿ. ನೀವಾಗಿದ್ರೆ ಹೆಂಗ್ ಮಾಡ್ತಿದ್ರಿ ಹೇಳಿ.

ಮದ್ದೂರ್_ಲೋಕಲ್:

ಗುರೂ ಕಾರ್ಡ್ ಐಡಿಯಾ ಬೆಂಕಿ, ಆದ್ರೆ ನಿಮ್ಮಮ್ಮ ಹೇಳಿದ್ದೇ ಸರಿ. ನಮ್ ಕಡೆ ಅಂಥಾ ಕಾರ್ಡ್ ಬಂದ್ರೆ ಓದ್ಬಿಟ್ಟು ಒಳಕ್ಕೂ ತರಲ್ಲ, ಹೊರಗಡೆ ಕಿಟಕಿ ಸರಳಿಗೆ ಸಿಗಿಸಿ ಮುಗ್ದ ಮೇಲೆ ಹರಿದಾಕ್ತಾರೆ. ನೀನು ಅದನ್ನ ಹೋಗಿ ಫ್ರೇಮ್ ಹಾಕ್ಸೋ ಪಾರ್ಟಿ.

ಗಡ್ಡಪ್ಪನ ವಿಷ್ಯ. ಚನ್ನೇಗೌಡ್ರು ಹೋಗಿದ್ದು ನವೆಂಬರಲ್ಲಿ, ಇನ್ನೂ ವರ್ಷ ತುಂಬಿಲ್ಲ. ನಮ್ ಸೀಮೇಲಿ ಸಾವಾದ ಮನೇಲಿ ವರ್ಷ ತುಂಬೋಗಂಟ ಹಬ್ಬ ಮಾಡಲ್ಲ. ಆದ್ರೆ ನೀವು ಮೈಸೂರಲ್ಲಿ ತಾರಸಿ ಮೇಲೆ ಕೂತು ಪಿಚ್ಚರ್ ನೋಡಿ ನಗೋದಕ್ಕೆ ಯಾರ ಅಡ್ಡೀನೂ ಇಲ್ಲ, ಆ ಮನುಷ್ಯನೂ ಬೇಜಾರು ಮಾಡ್ಕೊಳ್ತಿರ್ಲಿಲ್ಲ ಅನ್ಸುತ್ತೆ. ಬೇಡದ್ದು ಯಾವ್ದು ಅಂದ್ರೆ, ಹತ್ತು ವರ್ಷ ಆಯ್ತು ಅಂತ ಕ್ಯಾಮೆರಾ ಎತ್ಕೊಂಡು ಅವರ ಊರು ನೊದೆಕೊಪ್ಪಲಿಗೆ ಹೋಗಿ ಅವರ ಮನೆ ಮುಂದೆ ರೀಲ್ಸ್ ಮಾಡೋದು. ಅದೊಂದು ಮಾಡ್ಬೇಡಿ. ಅಂಟಿಸೋ ಗಡ್ಡಾನೂ ಬೇಡ, ಸಿಗೋದು ಸಾಂತಾಕ್ಲಾಸಿಂದು, ಅದನ್ನ ಹಾಕ್ಕೊಂಡ್ರೆ ಮಂಡ್ಯ ಯಾಕೆ ಯಾವ್ ಜಿಲ್ಲೆಯೋನೂ ಥರ ಕಾಣಲ್ಲ.

ಊಟದ ವಿಷ್ಯ ನಂಗೆ ಬಿಡಿ. ಪಿಚ್ಚರಲ್ಲಿ ಇಡೀ ಊರು ಓಡಾಡೋದೇ 11ನೇ ದಿನದ ಬಾಡೂಟಕ್ಕೆ, ನೀವು ಪಾಪ್‌ಕಾರ್ನ್ ಇಟ್ರೆ ಅವಮಾನ. ಮುದ್ದೆ, ಬಾಡ್ಸಾರು, ಬೋಟಿ ಗೊಜ್ಜು, ಅನ್ನ, ಕೊನೇಗೆ ಮಜ್ಜಿಗೆ. ಮಟನ್ ಕೇಜಿ 800 ದಾಟಿ ಕೂತಿದೆ, ಹಂಗಾಗಿ ತಲೆಗಿಷ್ಟು ಅಂತ ಮೊದ್ಲೇ ವಸೂಲಿ ಮಾಡು, ಆಮೇಲೆ ಪಿಚ್ಚರಲ್ಲಿ ಗಡ್ಡಪ್ಪನ ಮಗ ತಮ್ಮಣ್ಣನ ಥರ ಸಾಲಕ್ಕೆ ಯಾರ ಮನೆ ಬಾಗ್ಲಿಗೋ ಹೋಗ್ಬೇಡ. ಕುರಿ ತರೋಕೆ ನಿಮ್ ಗ್ಯಾಂಗಲ್ಲಿ ತಮ್ಮಣ್ಣನ ಮಗ ಅಭಿ ಥರದೋನ್ನ ಮಾತ್ರ ಕಳಿಸ್ಬೇಡ ಕಣಪ್ಪ. ಪಿಚ್ಚರ್ ಶುರು ಆಗೋಕ್ಮುಂಚೆ ಹುಡುಗ್ರು ಸುಮ್ನೆ ಫೋನ್ ಒತ್ಕೊಂಡು ಕೂರೋ ಬದ್ಲು ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಆಟ ಬರೀರಿ, 3 ಹುಣಸೆಬೀಜ 15 ಕಲ್ಲು ಸಾಕು.

ಲಾಸ್ಟ್‌ಬೆಂಚ್_ಲೋಕಿ:

ಎಲ್ರೂ ಕೋಪ ಮಾಡ್ಕೊಂಡ್ರೂ ಪರ್ವಾಗಿಲ್ಲ, ಹೇಳ್ಬಿಡ್ತೀನಿ. ನಂಗೆ ಇದು ಕಾಮಿಡಿ ಅನ್ನಿಸ್ಲೇ ಇಲ್ಲ. ಫ್ರೆಂಡ್ಸ್ ಹೇಳಿದ್ರು ಅಂತ ಕೂತೆ, ಅರ್ಧ ಗಂಟೆ ಕಳೆದ್ರೂ ಒಬ್ಬ ಮುದ್ಕ ನಡೀತಾನೇ ಇದಾನೆ, ಇನ್ನೊಬ್ಬ ಓಡ್ತಾನೇ ಇದಾನೆ, ಮ್ಯೂಸಿಕ್ ಇಲ್ಲ, ಪಂಚ್ ಇಲ್ಲ, ಕ್ಯಾಮೆರಾ ಅಲ್ಲಾಡಲ್ಲ. ನನ್ ಪಕ್ಕದೋರು ಶುರುವಿನ ಬೈಗುಳಕ್ಕೆ ಬಿದ್ದೂ ಬಿದ್ದೂ ನಗ್ತಿದ್ರು. ಅದು ನಗು ಅಲ್ಲ ಬ್ರೋ, ಸಿಟಿಯೋರು ಹಳ್ಳಿ ಮುದುಕ್ರನ್ನ ಮೃಗಾಲಯದಲ್ಲಿ ನೋಡಿದಂಗೆ ನೋಡೋದು.

ಆಮೇಲೇನಾಯ್ತು ನೋಡಿ. ಆ ತಾತಂದ್ರನ್ನ ಕರ್ಕೊಂಡೋಗಿ ಒಂದಾದ್ಮೇಲೆ ಒಂದು ಪಿಚ್ಚರಲ್ಲಿ ಡಬಲ್ ಮೀನಿಂಗ್ ಹೇಳಿಸಿದ್ರು, ಬೈಯೋ ತಾತ ಅಂತ ಒಂದು ಬ್ರ್ಯಾಂಡ್ ಮಾಡ್ಬಿಟ್ರು. ಹತ್ತು ವರ್ಷದ ಆಚರಣೆ ಅಂದ್ರೆ ಅದನ್ನೂ ಸೇರ್ಸಿ ಆಚರಿಸ್ತೀರಾ? ಬರೋರಿಗೆ ಕಾಮಿಡಿ ಅಂತ ಸುಳ್ಳು ಹೇಳಿ ಕರೀಬೇಡಿ, ಎರಡು ಗಂಟೆ ಆದ್ಮೇಲೆ ನಿಮ್ಮನ್ನೇ ಉಗೀತಾರೆ.

ಶಾನುಭೋಗ್ರ_ಮೊಮ್ಮಗ:

ಲೋಕಿ ಅವ್ರೇ, ನಿಮಗೆ ನಗು ಬರ್ದೇ ಇದ್ದಿದ್ದು ನಿಮ್ ತಪ್ಪಲ್ಲ, ನೀವಿನ್ನೂ ಪೌತಿ ಖಾತೆ (ಸತ್ತೋರ ಹೆಸ್ರಲ್ಲಿರೋ ಜಮೀನನ್ನ ವಾರಸುದಾರರ ಹೆಸ್ರಿಗೆ ತಿರುಗಿಸೋದು) ಮಾಡ್ಸಿಲ್ಲ ಅಷ್ಟೆ.

ತಮಾಷೆ ಅಲ್ಲ, ನಿಜವಾಗ್ಲೂ ಹೇಳ್ತೀನಿ. ಬೈಗುಳಕ್ಕೆ ನಗೋರು ಮೊದಲ ಹತ್ತು ನಿಮಿಷಕ್ಕೆ ನಗ್ತಾರೆ, ಅಲ್ಲಿಗೆ ಮುಗೀತು, ಯಾಕಂದ್ರೆ ಸೆಂಚುರಿ ಗೌಡ ಅಷ್ಟೊತ್ತಿಗೆ ಹೋಗ್ಬಿಟ್ಟಿರ್ತಾನೆ. ಉಳಿದ ಪಿಚ್ಚರಿನ ನಗು ಎಲ್ಲಾ ಕಾಗದದಲ್ಲಿರೋದು. 101 ವರ್ಷದ ಅಜ್ಜ ಸತ್ತ, 5 ಎಕರೆ ಪಹಣಿ ಅವನ ಹೆಸ್ರಲ್ಲಿದೆ. ಮೊಮ್ಮಗ ತಮ್ಮಣ್ಣಂಗೆ ಅದನ್ನ ಮಾರ್ಬೇಕು. ಮಧ್ಯದಲ್ಲಿ ಅಪ್ಪ ಗಡ್ಡಪ್ಪ ಅಂತ ಒಬ್ಬ ಇದಾನೆ, ಕಾನೂನು ಪ್ರಕಾರ ಖಾತೆ ಮೊದ್ಲು ಅವನ ಕಡೆಗೆ ತಿರುಗ್ಬೇಕು, ಅವನೋ ಜೇಬಲ್ಲಿ ಟೈಗರ್ ಬ್ರಾಂದಿ ಇಟ್ಕೊಂಡು ಹೊಲದ ಬದೂಲಿ ನಡ್ಕೊಂಡು ಹೋಗ್ತಿರ್ತಾನೆ, ಜಮೀನು ಬೇಕೂ ಅನ್ನಲ್ಲ ಬೇಡಾ ಅನ್ನಲ್ಲ, ಆಫೀಸಿಗೆ ಬಂದು ಕೂರಲ್ಲ. ಅಪ್ಪ ಮಗ ಜಗಳ ಆಡಿದ್ರೆ ಅದು ಮಾಮೂಲಿ ಫ್ಯಾಮಿಲಿ ಡ್ರಾಮಾ. ಇಲ್ಲಿ ಜಗಳಾನೇ ಇಲ್ಲ, ಒಬ್ಬಂಗೆ ತುಂಬಾ ಅರ್ಜೆಂಟು, ಇನ್ನೊಬ್ಬಂಗೆ ಅರ್ಜೆಂಟು ಅಂದ್ರೇನು ಅಂತಾನೇ ಗೊತ್ತಿಲ್ಲ.

ಈಗ ಪೌತಿ ಖಾತೆ ಹೆಂಗಾಗುತ್ತೆ ಅಂತ ಗೊತ್ತಿರೋರು ನೋಡಿ. ಸತ್ತವರ ಮರಣ ಪ್ರಮಾಣ ಪತ್ರ ಬೇಕು, ನಾಡಕಚೇರಿಯಿಂದ ವಂಶವೃಕ್ಷ ಬೇಕು, ಅದರಲ್ಲಿ ಯಾರ್ಯಾರು ಬದುಕಿದಾರೋ ಎಲ್ಲರ ಹೆಸ್ರೂ ಬರ್ಬೇಕು, ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ ಅಂತಾರೆ) ರಿಪೋರ್ಟ್ ಬರೀಬೇಕು, ತಕರಾರಿದ್ರೆ ಹೇಳಿ ಅಂತ ನೋಟಿಸ್ ಹಾಕ್ಬೇಕು, ಆಮೇಲೆ ಮ್ಯುಟೇಷನ್. ತಮ್ಮಣ್ಣ ಹುಡುಕಿದ ಶಾರ್ಟ್‌ಕಟ್ ಏನು? ಅಪ್ಪನ್ನೂ ಕಾಗದದಲ್ಲಿ ಸಾಯಿಸ್ಬಿಡೋದು. ಅಂದ್ರೆ ಊರೆಲ್ಲಾ ತಮಟೆ ಹೊಡೆದು ಹೊತ್ಕೊಂಡೋದ ಸೆಂಚುರಿ ಗೌಡ ಪಹಣೀಲಿ ಇನ್ನೂ ಜೀವಂತ, ಎದುರಿಗೆ ಬೀಡಿ ಹಚ್ಕೊಂಡು ನಡೀತಿರೋ ಗಡ್ಡಪ್ಪ ಸರ್ಟಿಫಿಕೇಟಲ್ಲಿ ಸತ್ತಾಯ್ತು. ಸತ್ತೋನು ಅಂತ ಆದ್ಮೇಲೆ ಊರಲ್ಲಿ ಓಡಾಡಬಾರ್ದಲ್ಲ, ಅದಕ್ಕೆ ಕೈಗೆ ದುಡ್ಡು ಕೊಟ್ಟು ಬಸ್ ಹತ್ತಿಸಿ ದೇಶ ಸುತ್ಕೊಂಡು ಬಾ ಅಂತ ಕಳಿಸ್ತಾನೆ. ಜಗತ್ತಲ್ಲಿ ಯಾವ ಮಗ ಅಪ್ಪಂಗೆ ಇಷ್ಟು ಪ್ರೀತಿಯಿಂದ ಟೂರ್ ಕಳ್ಸಿದಾನೆ ಹೇಳಿ. ಆ ಪುಣ್ಯಾತ್ಮ ದೇಶ ಸುತ್ತೋ ಬದ್ಲು ಹತ್ರದಲ್ಲೇ ಕುರಿ ಮೇಯಿಸೋರ ಜೊತೆ ಸೇರ್ಕೊಂಡು ಆರಾಮಾಗಿರ್ತಾನೆ.

ಇದೆಲ್ಲಾ 11 ದಿನದೊಳಗೆ ಆಗ್ಬೇಕು ಅನ್ನೋದು ಇನ್ನೊಂದು ಸಂಕಟ. ತಿಥಿಗೆ ಊರಿಗೆಲ್ಲಾ ಬಾಡೂಟ ಹಾಕ್ಲೇಬೇಕು, ಅದಕ್ಕೆ ದುಡ್ಡಿಲ್ಲ, ದುಡ್ಡಿಗೆ ಕಮಲಕ್ಕನ ಹತ್ರ ಸಾಲ, ಸಾಲ ತೀರ್ಸೋಕೆ ಜಮೀನು ಮಾರ್ಬೇಕು, ಜಮೀನು ಮಾರೋಕೆ ಅಪ್ಪ ಸಾಯ್ಬೇಕು. ಗಡಿಯಾರ ಓಡ್ತಿರುತ್ತೆ. ಮಗನ್ನ ಕುರಿಗೆ ಕಳಿಸಿದ್ರೆ ಅವನು ಕುರಿ ಕಾಯೋ ಹುಡುಗಿ ಕಾವೇರಿ ಹಿಂದೆ. ಮೂರು ತಲೆಮಾರು, ಮೂರು ಕಡೆ, ತಮ್ಮಣ್ಣ ಒಬ್ನೇ ಬೆವರು ಒರೆಸ್ಕೊಳ್ತಿರ್ತಾನೆ. ನಮ್ಮೂರ ಕಡೆ ನೋಡಿದೋರು ನಕ್ಕಿದ್ದು ಗಡ್ಡಪ್ಪನ್ನ ನೋಡಿ ಅಲ್ಲ, ತಮ್ಮಣ್ಣನ್ನ ನೋಡಿ. ಯಾಕಂದ್ರೆ ಮನೆಗೊಬ್ಬ ತಮ್ಮಣ್ಣ ಇದಾನೆ.

ನಮ್ಮನೇದೇ ಹೇಳ್ತೀನಿ. ನಮ್ ತಾತ ಶಾನುಭೋಗ್ರಾಗಿದ್ದೋರು, ಊರಿನೋರ ಜಮೀನೆಲ್ಲಾ ಕೈಯಾರೆ ಬರೆದಿಟ್ಟೋರು. ಅವರ ಸ್ವಂತ ಜಮೀನಿನ ಪಹಣೀಲಿ ಹೆಸ್ರಿನ ಕೊನೇಲಿ ಅಯ್ಯ ಅಂತಿದೆ, ಮರಣ ಪತ್ರದಲ್ಲಿ ಸ್ವಾಮಿ ಅಂತ ಬಂತು. ಕೌಂಟರಲ್ಲಿದ್ದ ಮನುಷ್ಯ ಎರಡೂ ಕಾಗದ ಪಕ್ಕಪಕ್ಕ ಇಟ್ಟು, ಕನ್ನಡಕ ಹಣೆ ಮೇಲೆ ಏರ್ಸಿ, ಸತ್ತೋರು ಯಾರು ಇವ್ರಾ ಅವ್ರಾ ಅಂತ ಕೇಳ್ದ. ಇಬ್ರೂ ಒಬ್ರೇ ಸಾರ್ ಅಂದ್ರೆ, ಹಂಗಂತ ಸ್ಟಾಂಪ್ ಪೇಪರಲ್ಲಿ ಬರ್ಸಿ ನೋಟರಿ ಮಾಡ್ಸಿ ತನ್ನಿ ಅಂದ. ಆಚೆ ಜೆರಾಕ್ಸ್ ಅಂಗಡೀಲಿ ಆ ಅಫಿಡವಿಟ್ ರೆಡಿಮೇಡ್ ಟೈಪ್ ಆಗಿ ಕೂತಿತ್ತು, ಹೆಸ್ರು ಮಾತ್ರ ಖಾಲಿ. ಅಷ್ಟು ಜನಕ್ಕೆ ಬೇಕಾಗುತ್ತೆ ಅಂತ ಅರ್ಥ. ಆ ಅಂಗಡಿ ಮುಂದೆ ನಿಂತ್ಕೊಂಡು ನಂಗೆ ತಮ್ಮಣ್ಣ ನೆನಪಾಗಿ ನಗು ತಡ್ಕೊಳ್ಳೋಕಾಗ್ಲಿಲ್ಲ, ನಮ್ಮಪ್ಪಂಗೆ ಮಾತ್ರ ವಿಪರೀತ ಸಿಟ್ಟು ಬಂತು.

ಹೈದ ಅವ್ರೇ, ಹೊಸಬ್ರಿಗೆ ಏನ್ ಹೇಳ್ಬೇಕು ಅಂದ್ರೆ, ಬೈಯೋ ತಾತನ ಪಿಚ್ಚರ್ ಅನ್ಬೇಡಿ. ಬದುಕಿರೋ ಅಪ್ಪಂಗೆ ಡೆತ್ ಸರ್ಟಿಫಿಕೇಟ್ ಮಾಡ್ಸೋ ಮಗನ ಕಥೆ ಅನ್ನಿ. ಯಾರಿಗೆ ನಗು ಬರುತ್ತೋ ಅವ್ರು ಬರ್ತಾರೆ.

ಸ್ವಿಸ್_ಸರೋಜ:

ಶಾನುಭೋಗ್ರ ಮೊಮ್ಮಗ ಅವ್ರ ಪೋಸ್ಟ್ ಓದಿ ನಮ್ಮೆಜಮಾನ್ರಿಗೆ ಫಾರ್ವರ್ಡ್ ಮಾಡ್ದೆ, ಅವರ ಅಣ್ಣತಮ್ಮಂದಿರ ಜಮೀನಿನ ಕೇಸ್ ಇನ್ನೂ ನಡೀತಿದೆ, ಅವ್ರು ನಗ್ಲಿಲ್ಲ 😄

ನಾವಿರೋದು ಜೂರಿಕ್ ಹತ್ರ. ಈ ಪಿಚ್ಚರ್‌ಗೆ ಮೊದ್ಲು ದೊಡ್ಡ ಹೆಸ್ರು ಬಂದಿದ್ದು ಇಲ್ಲಿಂದಾನೇ, 2015ರ ಆಗಸ್ಟಲ್ಲಿ ಲೊಕಾರ್ನೋ ಫೆಸ್ಟಿವಲ್ಲಲ್ಲಿ ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆ ಸಿಕ್ತು, ಜೊತೆಗೆ ಮೊದಲ ಸಿನಿಮಾಕ್ಕೆ ಅಂತ ಕೊಡೋ ಪ್ರಶಸ್ತೀನೂ ಬಂತು. ಲೊಕಾರ್ನೋ ಈ ದೇಶದ ಇಟಾಲಿಯನ್ ಮಾತಾಡೋ ಭಾಗದಲ್ಲಿರೋ ಸರೋವರದ ದಡದ ಊರು. ಅಲ್ಲಿನ ಜನ ಮಂಡ್ಯದ ಮುದ್ದೆ ಊಟಕ್ಕೆ ಮಾರ್ಕ್ಸ್ ಕೊಟ್ಟ ಮೇಲೆ ನಮ್ಮೋರಿಗೆ ಇಂಥದ್ದೊಂದು ಇದೆ ಅಂತ ಗೊತ್ತಾಯ್ತು, ಅದು ಹಂಗೇ ಅಲ್ವಾ ಯಾವಾಗ್ಲೂ. ಆಮೇಲೆ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂತು, ಆಮೇಲೆ ಥಿಯೇಟರ್.

ಲೋಕಿ ಅವ್ರು ಮ್ಯೂಸಿಕ್ ಇಲ್ಲ ಅಂದ್ರಲ್ಲ, ನಂಗೆ ಇಷ್ಟ ಆಗಿದ್ದೇ ಅದು. ನಮ್ಮ ಕಾಮಿಡಿ ಸೀನ್‌ಗಳಲ್ಲಿ ಯಾರಾದ್ರೂ ಜಾರಿ ಬಿದ್ರೆ ಟೊಂಯ್ ಅಂತ ಒಂದು ಸೌಂಡ್ ಹಾಕ್ತಾರೆ, ಈಗ ನಗು ಅಂತ ನಮ್ಗೆ ಆರ್ಡರ್. ಇಲ್ಲಿ ಹಿನ್ನೆಲೆ ಸಂಗೀತಾನೇ ಇಲ್ಲ. ಮೇಕೆ ಸದ್ದು, ಮೋಟ್ರು, ದೂರದ ಟಿವಿ, ತಮಟೆ, ಅಷ್ಟೆ. ಸೌಂಡ್ ಡಿಸೈನ್ ಮಾಡಿದ್ದು ನಿತಿನ್ ಲುಕೋಸ್. ಕ್ಯಾಮೆರಾ ಡೋರಾನ್ ಟೆಂಪರ್ಟ್ ಅಂತ, ನಮ್ ದೇಶದೋರಲ್ಲ, ಒಂದು ಕಡೆ ನಿಂತ್ಬಿಟ್ರೆ ಅಲ್ಲಾಡಲ್ಲ. ಫ್ರೇಮಿನ ಒಂದು ಮೂಲೇಲಿ ಯಾರೋ ಸೀರಿಯಸ್ಸಾಗಿ ಮಾತಾಡ್ತಿರ್ತಾರೆ, ಇನ್ನೊಂದು ಮೂಲೇಲಿ ಯಾರೋ ತನ್ನ ಪಾಡಿಗೆ ಏನೋ ಮಾಡ್ಕೊಂಡಿರ್ತಾನೆ, ಯಾವ ಕಡೆ ನೋಡಿ ನಗ್ಬೇಕು ಅನ್ನೋದು ನಮ್ಗೆ ಬಿಟ್ಟಿದ್ದು. ಅದಕ್ಕೇ ಮೊಬೈಲಲ್ಲಿ ನೋಡಿದ್ರೆ ಅರ್ಧ ನಗು ಸಿಗಲ್ಲ, ತಾರಸಿ ಮೇಲೆ ದೊಡ್ಡದಾಗಿ ಹಾಕ್ತಿರೋದು ಒಳ್ಳೇದೇ ಆಯ್ತು.

ಇನ್ನು ಮೃಗಾಲಯದ ಮಾತು. ಅದನ್ನ ತಳ್ಳಿಹಾಕಲ್ಲ, ಹಂಗೆ ನೋಡೋರು ಇದ್ದೇ ಇದಾರೆ. ಆದ್ರೆ ನಿರ್ದೇಶಕ ರಾಮ್ ರೆಡ್ಡಿ ಜೊತೆ ಕೂತು ಬರೆದ ಈರೇಗೌಡ್ರದ್ದು ಅದೇ ನೊದೆಕೊಪ್ಪಲು. ಮೊದ್ಲು ಜನ ಸಿಕ್ಕಿದ್ರು, ಆಮೇಲೆ ಅವ್ರನ್ನ ಇಟ್ಕೊಂಡು ಕಥೆ ಬರೆದ್ರು, ನಟ್ಸಿದೋರು ಯಾರೂ ಆ್ಯಕ್ಟರ್‌ಗಳಲ್ಲ. ಗಡ್ಡಪ್ಪ ಬೆಂಕಿ ಮುಂದೆ ಕೂತು ತನ್ನ ಹೆಂಡ್ತಿ ವಿಷ್ಯ, ತನ್ನಪ್ಪನ ವಿಷ್ಯ ಹೇಳ್ತಾನಲ್ಲ, ಆ ಸೀನ್ ನೋಡಿ. ಅಲ್ಲಿವರ್ಗೂ ಗಡ್ಡಪ್ಪ ಅಂದ್ರೆ ತಮಾಷೆ ಅಂದ್ಕೊಂಡಿರ್ತೀವಿ. ಇಲ್ಲಿ ನಮ್ಮನೇಲಿ ಅವ್ರ ಆಫೀಸಿನೋರು ಒಂದಷ್ಟು ಜನ ಕೂತು ನೋಡ್ದಾಗ, ಹೆಣಾನ ಕೂರ್ಸಿ ಹೂವು ಹಾಕಿ ಮೆರವಣಿಗೆ ಹೋಗೋದಕ್ಕೆ ಜೋರಾಗಿ ನಕ್ಕಿದ್ದ ಹುಡುಗಿ ಈ ಸೀನ್ ಆದ್ಮೇಲೆ ಎದ್ದು ಬಾಲ್ಕನಿಗೆ ಹೋದ್ಲು. ಅವ್ಳಿಗೆ ಮಂಡ್ಯ ಎಲ್ಲಿದೆ ಅಂತಾನೂ ಗೊತ್ತಿಲ್ಲ.

ಆಮೇಲೆ ಬಂದ ಡಬಲ್ ಮೀನಿಂಗ್ ಪಿಚ್ಚರ್‌ಗಳ ಬಗ್ಗೆ ಮಾತ್ರ ಲೋಕಿಗೆ ನನ್ ಓಟು. ಅದನ್ನ ಯಾರೂ ಆಚರಿಸೋದು ಬೇಡ.

ಕೋರ್ಟ್‌ರಸ್ತೆ:

ಒಂದು ಸಣ್ಣ ವಿಷ್ಯ, ಬೋರ್ ಅನ್ನಿಸಿದ್ರೂ ಕೇಳಿಸ್ಕೊಳ್ಳಿ. ಮನೆಯೋರು ಸ್ನೇಹಿತ್ರು ಸೇರಿ ನೋಡೋದು ಬೇರೆ, ಊರಿಗೆಲ್ಲಾ ಪೋಸ್ಟರ್ ಹಾಕಿ ಟಿಕೆಟ್ ಇಟ್ಟು ತೋರ್ಸೋದು ಬೇರೆ. ಎರಡನೇದಾದ್ರೆ ಹಕ್ಕು ಇರೋ ನಿರ್ಮಾಪಕರ ಹತ್ರ ಬರವಣಿಗೇಲಿ ಪರ್ಮಿಷನ್ ತಗೋಬೇಕು, ಫ್ರೀ ಶೋ ಅಂದ್ಬಿಟ್ರೆ ತಪ್ಪಿಸ್ಕೊಳ್ಳೋಕಾಗಲ್ಲ. ಟೆಲಿಗ್ರಾಂನಿಂದ ಇಳಿಸ್ಕೊಂಡು ಹಾಕೋದಂತೂ ಬೇಡ, ಇಷ್ಟು ಕಮ್ಮಿ ದುಡ್ಡಲ್ಲಿ ಮಾಡಿದೋರ ಪಿಚ್ಚರ್ನ ಕದ್ದು ನೋಡಿ ಹುಟ್ಟುಹಬ್ಬ ಮಾಡೋದ್ರಲ್ಲಿ ಏನ್ ಮರ್ಯಾದೆ. ಆಮೇಲೆ ತಾರಸಿ ಅಂದ್ರಿ, ಸ್ಪೀಕರ್ ಹಾಕೋದಾದ್ರೆ ರಾತ್ರಿ 10ರೊಳಗೆ ಮುಗ್ಸಿ. ಸೆಂಚುರಿ ಗೌಡನ ಬೈಗುಳ ಪಕ್ಕದ ಮನೆಗೆ ಕೇಳಿಸಿದ್ರೆ ನೀವೇ ಬೈತಿದೀರ ಅಂದ್ಕೋತಾರೆ.

ಕೆರೆಏರಿ_ಹೈದ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಮನೆ ಮಟ್ಟದ್ದೇ, ಟಿಕೆಟ್ ಇಲ್ಲ, ಊಟಕ್ಕೆ ಮಾತ್ರ ಕಾಸು. ಕಾರ್ಡ್ ಬದಲಾಯ್ತು: ಈಗ ಅದು ಪೌತಿ ಖಾತೆ ಅರ್ಜಿ ಥರ ಇರುತ್ತೆ, ಅರ್ಜಿದಾರರ ಹೆಸ್ರು, ಸರ್ವೆ ನಂಬರ್ ಜಾಗದಲ್ಲಿ ಮನೆ ಅಡ್ರೆಸ್, ಕೆಳಗಡೆ ತಕರಾರಿದ್ದಲ್ಲಿ ಭಾನುವಾರದೊಳಗೆ ತಿಳಿಸತಕ್ಕದ್ದು. ಅಮ್ಮಂಗೆ ತೋರ್ಸಿದೆ, ಇದೇನೋ ಪರ್ವಾಗಿಲ್ಲ ಅಂದ್ರು, ಆಮೇಲೆ ನಮ್ ಅಜ್ಜಿ ಜಮೀನಿಂದು ಖಾತೆ ಯಾಕೆ ಇನ್ನೂ ಮಾಡ್ಸಿಲ್ಲ ಅಂತ ಹೊಸ ಬೈಗುಳ ಶುರು ಆಯ್ತು.

ಗಡ್ಡ ಕ್ಯಾನ್ಸಲ್. ಊರಿಗೆ ಹೋಗೋ ಪ್ಲ್ಯಾನ್ ಒಬ್ಬಂದಿತ್ತು, ಅದೂ ಕ್ಯಾನ್ಸಲ್. ಗಡ್ಡಪ್ಪನ ಹೆಸ್ರಲ್ಲಿ ಒಂದು ಎಲೆ ಮೊದ್ಲು ಎಡೆ ಇಟ್ಟು ಆಮೇಲೆ ನಾವು ಊಟಕ್ಕೆ ಕೂರೋದು ಅಂತ ಮಾತಾಯ್ತು. ಅದ್ರ ಪಕ್ಕ ಕ್ವಾರ್ಟರ್ ಇಡ್ಬೇಕಾ ಬೇಡ್ವಾ ಅನ್ನೋ ಜಗಳ ಇನ್ನೂ ಮುಗ್ದಿಲ್ಲ. ಲೋಕಿ ಬ್ರೋ ನೀವು ಮೈಸೂರಾ? ಬನ್ನಿ, ಇನ್ನೊಂದ್ಸಲ ನೋಡಿ, ನಗು ಬರ್ಲಿಲ್ಲ ಅಂದ್ರೆ ಊಟದ ದುಡ್ಡು ವಾಪಸ್.

ಲಾಸ್ಟ್‌ಬೆಂಚ್_ಲೋಕಿ:

ನಂಜನಗೂಡು, ಹತ್ರಾನೇ. ಬರ್ತೀನಿ, ಆದ್ರೆ ನನ್ ಮಾತು ನಂದೇ. ಶಾನುಭೋಗ್ರ ಮೊಮ್ಮಗ ಅವ್ರು ಬರೆದಿದ್ದು ಓದಿ ನಗು ಬಂತು ನಿಜ, ಅಂದ್ರೆ ಅವ್ರು ಬರೆದಿದ್ದಕ್ಕೆ, ಪಿಚ್ಚರ್‌ಗಲ್ಲ. ಊಟ ಮೊದ್ಲಾ ಪಿಚ್ಚರ್ ಮೊದ್ಲಾ ಅದನ್ನ ಹೇಳಿ.

ಮದ್ದೂರ್_ಲೋಕಲ್:

ಪಿಚ್ಚರ್ ಮೊದ್ಲು ಕಣಣ್ಣ. ಎರಡು ಮುದ್ದೆ ಬಿಟ್ಕೊಂಡು ಎರಡು ಗಂಟೆ ಮೇಲೆ ಕೂತ್ರೆ ಲೋಕಿ ಒಬ್ರೇ ಅಲ್ಲ, ಎಲ್ರೂ ಗೊರಕೆ ಹೊಡೀತಾರೆ. ಹೈದ, 6 ಗಂಟೆಗೇ ಬನ್ನಿ ಅಂತ ಹಾಕು, ಪರದೆ ಮೇಲೆ ಕಾಣೋವಷ್ಟು ಕತ್ಲಾಗೋಷ್ಟೊತ್ತಿಗೆ 7 ಆಗುತ್ತೆ, ಅಲ್ಲಿವರ್ಗೂ ಈರುಳ್ಳಿ ಹೆಚ್ಚೋಕೆ ಜನ ಬೇಕು. ಬೋಟಿ ತೊಳಿಯೋಕೆ ಯಾರು ಬರ್ತೀರ ಈಗ್ಲೇ ಹೆಸ್ರು ಬರ್ಸಿ.